ನಿರೂಪಕ ಎದ್ದುಹೋದ ಮೇಲೆ

ಸ್ವೀಡಿಷ್ ಲೇಖಕ ಆಗಸ್ಟ್ ಸ್ಟ್ರಿಂಡ್‌ಬರ್ಗ್‌ನ ದಾಂಪತ್ಯದ ಕಥೆಗಳನ್ನು ಓದುವಷ್ಟು ಹೊತ್ತೂ ನನ್ನ ಮನಸ್ಸು ಗಂಡನ ಪಕ್ಷದಲ್ಲಿರುತ್ತದೆ. ಅವೇ ಕಥೆಗಳನ್ನು ತೆರೆಯ ಮೇಲಿನ ದೃಶ್ಯಗಳಾಗಿ ಯೋಚಿಸತೊಡಗಿದ ಕೂಡಲೇ ಅದು ಹೆಂಡತಿಯ ಪಕ್ಷಕ್ಕೆ ಹೋಗಿಬಿಡುತ್ತದೆ. ಒಂದೆರಡು ಸಲ ಹೀಗಾಗಿದ್ದರೆ ಆ ಹೊತ್ತಿನ ಮನಃಸ್ಥಿತಿ ಎಂದು ಬಿಟ್ಟುಬಿಡಬಹುದಿತ್ತು. ಪ್ರತಿ ಓದಿನಲ್ಲೂ ಹೀಗೇ ಆಗುತ್ತಿರುವುದರಿಂದ, ಕಾರಣ ಆ ಬರವಣಿಗೆಯ ಕಟ್ಟಿನಲ್ಲೇ ಇದ್ದೀತೆಂಬ ಅನುಮಾನ ಬಲವಾಗುತ್ತ ಬಂದಿದೆ. ಸ್ವೀಡನ್ನಿನ ನಟ, ನಿರ್ದೇಶಕ ಆಂಡರ್ಸ್ ಹೆನ್ರಿಕ್‌ಸನ್ 1950ರ ದಶಕದಲ್ಲಿ ಈ ಕಥೆಗಳನ್ನು ಆಧರಿಸಿ, ಸಂಕಲನದ ಹೆಸರಾದ ‘ಯಿಫ್ಟಾಸ್’ ಎಂಬುದನ್ನೇ ಇಟ್ಟುಕೊಂಡು ಚಲನಚಿತ್ರವೊಂದನ್ನು ಮಾಡಿದ. ಅದಕ್ಕೂ ಮುಂಚೆ, 1926ರಲ್ಲಿ, ಊಲೋಫ್ ಮೊಲಾಂಡರ್ ಅದೇ ಸಂಕಲನದಿಂದ ಒಂದು ಮೂಕಿಚಿತ್ರ ತೆಗೆದಿದ್ದ. 1880ರ ದಶಕದ, ಅಷ್ಟೇನೂ ಒಪ್ಪವಿಲ್ಲದ, ಜಗಳಗಂಟಿಯಾದ ಈ ಕಥೆಗಳತ್ತ ಸ್ವೀಡಿಷ್ ಸಿನಿಮಾ ಮತ್ತೆ ಮತ್ತೆ ಏಕೆ ಹೋಯಿತು, ಹೋದಾಗ ಕಥೆಗಳಿಗೆ ಏನಾಯಿತು ಎಂಬುದನ್ನು ಇಲ್ಲಿ ಸಾವಕಾಶವಾಗಿ ಯೋಚಿಸಬೇಕೆಂದಿದ್ದೇನೆ.

‘ಯಿಫ್ಟಾಸ್’ ಎಂದರೆ ಮದುವೆಯಾಗುವುದು. ಮೊದಲ ಸಂಪುಟ ಪ್ರಕಟವಾದದ್ದು 1884ರ ಸೆಪ್ಟೆಂಬರ್ ಕೊನೆಯಲ್ಲಿ, ಸ್ಟಾಕ್‌ಹೋಮಿನ ಬೊನಿಯರ್ ಪ್ರಕಾಶನದಿಂದ. ಆಗ ಲೇಖಕ ಸ್ವಿಟ್ಜರ್‌ಲೆಂಡಿನಲ್ಲಿದ್ದ. ಜೊತೆಯಲ್ಲಿ ಹೆಂಡತಿ ಸಿರಿ ಫಾನ್ ಎಸ್ಸೆನ್ ಮತ್ತು ಮೂವರು ಮಕ್ಕಳಿದ್ದರು, ಕೊನೆಯ ಮಗು ಅದೇ ವರ್ಷ ಹುಟ್ಟಿತ್ತು. ಪುಸ್ತಕ ಅಂಗಡಿಗೆ ಬಂದು ಕೆಲವೇ ದಿನಗಳಲ್ಲಿ ಜಪ್ತಿಯಾಯಿತು. ಮದುವೆಯ ಬಗ್ಗೆ ಅಷ್ಟು ಕಟುವಾಗಿ ಬರೆದ ಪುಸ್ತಕವನ್ನು ಸರ್ಕಾರ ಹಿಡಿದದ್ದು ಮದುವೆಯ ಕಾರಣಕ್ಕಲ್ಲ. ಮೊದಲ ಕಥೆಯಲ್ಲಿ, ಚರ್ಚಿನ ಪ್ರಭುಭೋಜನದ ಸಂಸ್ಕಾರದಲ್ಲಿ ಕೊಡುವ ದ್ರಾಕ್ಷಾರಸಕ್ಕೆ ಅಳತೆಗೆ 65 ಓರೆ, ರೊಟ್ಟಿಗೆ ಪೌಂಡಿಗೆ 1 ಕ್ರೋನ ಎಂದು ಅಂಗಡಿ ಬೆಲೆ ಹಾಕಿ, ಇದನ್ನೇ ಪಾದ್ರಿ ಯೇಸುವಿನ ರಕ್ತಮಾಂಸವೆಂದು ದಾಟಿಸುತ್ತಾನೆ ಎಂದು ಬರೆದ ವಾಕ್ಯವೊಂದಿತ್ತು. ದೈವನಿಂದೆಯ ಮೊಕದ್ದಮೆ ಹೂಡಲಾಯಿತು. ಲೇಖಕ ಬಾರದಿದ್ದರೆ ಶಿಕ್ಷೆ ಪ್ರಕಾಶಕನಿಗೆ ಆಗುವ ಭಯವಿದ್ದುದರಿಂದ ಬೊನಿಯರ್ ಕುಟುಂಬದವರೇ ಜಿನೀವಾದವರೆಗೆ ಹೋಗಿ ಅವನನ್ನು ಒಪ್ಪಿಸಬೇಕಾಯಿತು. ಅಕ್ಟೋಬರ್ 20ರಂದು ಅವನು ಸ್ಟಾಕ್‌ಹೋಮಿನ ರೈಲು ನಿಲ್ದಾಣದಲ್ಲಿ ಇಳಿದಾಗ ಜನ ಜಯಕಾರ ಹಾಕಿದರು. ನವೆಂಬರ್ 17ರಂದು ಜ್ಯೂರಿ ಅವನನ್ನು ಖುಲಾಸೆ ಮಾಡಿತು.

ಈ ಮೊಕದ್ದಮೆಯ ಕಥೆ ಎಷ್ಟು ರೋಚಕವೆಂದರೆ, ಸಂಕಲನದ ಬಗ್ಗೆ ಬರೆಯುವವರು ಹೆಚ್ಚಾಗಿ ಅಲ್ಲಿಗೇ ನಿಂತುಬಿಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಪುಸ್ತಕದ ಉದ್ದನೆಯ ಮುನ್ನುಡಿ. ಅದರಲ್ಲಿ ಸ್ಟ್ರಿಂಡ್‌ಬರ್ಗ್ ಹೆಂಗಸರಿಗೆ ಸಲ್ಲಬೇಕಾದ ಹಕ್ಕುಗಳ ಒಂದು ಪಟ್ಟಿಯನ್ನೇ ಕೊಡುತ್ತಾನೆ: ಗಂಡುಮಕ್ಕಳ ಜೊತೆಯಲ್ಲೇ ಕೂತು ಪಡೆಯುವ ಸಮಾನ ಶಿಕ್ಷಣ, ಮತದಾನದ ಹಕ್ಕು, ಮದುವೆಯ ನಂತರವೂ ತನ್ನ ಹೆಸರನ್ನೇ ಉಳಿಸಿಕೊಳ್ಳುವ ಹಕ್ಕು, ತನ್ನದೇ ಮಲಗುವ ಕೋಣೆ. ಮದುವೆಯಾದ ಸ್ವೀಡಿಷ್ ಹೆಂಗಸು ಆಗಿನ್ನೂ ಕಾನೂನಿನ ಕಣ್ಣಿನಲ್ಲಿ ಗಂಡನ ಪಾಲನೆಯಲ್ಲಿದ್ದವಳು; ತಾನು ದುಡಿದ ಹಣದ ಮೇಲೆ ಅವಳಿಗೆ ಅಧಿಕಾರ ಸಿಕ್ಕಿದ್ದೇ ಹತ್ತು ವರ್ಷ ಹಿಂದೆ, 1874ರಲ್ಲಿ. ಅಂಥ ಹೊತ್ತಿನಲ್ಲಿ ಇದು ಸಣ್ಣ ಬೇಡಿಕೆಯಾಗಿರಲಿಲ್ಲ. ಆದರೆ ಅದೇ ಮುನ್ನುಡಿ ಐದು ವರ್ಷ ಹಿಂದಷ್ಟೇ ಬಂದಿದ್ದ ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಗೊಂಬೆಯ ಮನೆ’ಯಲ್ಲಿ ಕೊನೆಗೆ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಹೊರಡುವ ನಾಯಕಿ ನೋರಾಳನ್ನು ಪಾಟೀಸವಾಲಿಗೆ ಎಳೆದು ನಿಲ್ಲಿಸುತ್ತದೆ, ಅವಳು ಮೋಸಗಾತಿ, ಕರುಣೆಗೆ ಅರ್ಹನಾದವನು ಅವಳ ಗಂಡ ಎಂದು ವಾದಿಸುತ್ತದೆ. ಹಕ್ಕನ್ನು ಕೊಡುವ ಕೈ, ಆ ಹಕ್ಕನ್ನು ಕೇಳಿದವಳ ಬಾಯಿಯನ್ನು ಮುಚ್ಚುತ್ತದೆ. ಈ ಇಬ್ಬಂದಿತನವೇ ಕಥೆಗಳೊಳಗೂ ಹರಿದು ಬಂದಿದೆ.

ಕಪ್ತಾನನ ಕಾಗದ

ಸಂಕಲನದ ಒಂದು ಕಥೆಯ ಹೆಸರೂ ‘ಗೊಂಬೆಯ ಮನೆ’ ಎಂದೇ. ನೌಕಾಪಡೆಯ ಕಪ್ತಾನ ಪಾಲ್ ಮತ್ತು ಅವನ ಹೆಂಡತಿ ಗುರ್ಲಿ ಮದುವೆಯಾಗಿ ಆರು ವರ್ಷವಾದರೂ ನಿಶ್ಚಿತಾರ್ಥವಾದ ಜೋಡಿಯಂತೆ ಇದ್ದಾರೆ. ಅವನು ಆಗಾಗ ಹಡಗಿನಲ್ಲಿ ದೂರ ಹೋಗಬೇಕಾಗುವುದು ಅವರ ಪ್ರೀತಿಯನ್ನು ಹೊಸದಾಗಿಯೇ ಇಟ್ಟಿದೆ. ಒಮ್ಮೆ ಅವನು ದೀರ್ಘ ಪ್ರಯಾಣದಲ್ಲಿದ್ದಾಗ ಗುರ್ಲಿಯ ಕಾಗದಗಳ ಧಾಟಿ ಬದಲಾಗುತ್ತದೆ. ಒಟಿಲಿಯಾ ಎಂಬ ಅವಿವಾಹಿತ ಗೆಳತಿ ಅವಳ ಬದುಕಿನೊಳಗೆ ಬಂದಿದ್ದಾಳೆ, ಓದಿಸುತ್ತಿದ್ದಾಳೆ, ಆತ್ಮಗಳ ನಡುವಿನ ಮದುವೆಯ ಬಗ್ಗೆ ಮಾತನಾಡುತ್ತಿದ್ದಾಳೆ. ಗುರ್ಲಿ ಗಂಡನಿಗೆ ಇಬ್ಸೆನ್‌ನ ನಾಟಕವನ್ನೇ ಕಳಿಸಿ, ನಮ್ಮದು ನಿಜವಾದ ಮದುವೆಯೇ ಎಂದು ಕೇಳುತ್ತಾಳೆ.

ಕಪ್ತಾನ ಹಡಗಿನಲ್ಲಿ ಕೂತು ಬರೆಯುವ ಉತ್ತರವೇ ಈ ಕಥೆಯ ತಿರುಳು. ಅವನು ನಾಟಕವನ್ನು ಅಂಕ ಅಂಕವಾಗಿ ಬಿಚ್ಚಿ ನೋರಾಳ ತಪ್ಪುಗಳನ್ನು ಎಣಿಸುತ್ತಾನೆ, ತಮ್ಮಿಬ್ಬರ ಆರು ವರ್ಷಗಳನ್ನು ನೆನಪಿಸುತ್ತಾನೆ, ಮಕ್ಕಳನ್ನು ನೆನಪಿಸುತ್ತಾನೆ, ಇಷ್ಟೆಲ್ಲ ನಗುತ್ತ ಬದುಕಿದ್ದು ನಿಜವಾದ ಮದುವೆಯಲ್ಲದಿದ್ದರೆ ಮತ್ತೇನು ಎಂದು ಕೇಳುತ್ತಾನೆ. ಆ ಕಾಗದ ಚೆನ್ನಾಗಿದೆ ಎಂದು ಒಪ್ಪಲೇಬೇಕು. ಅದರಲ್ಲಿ ಸಿಟ್ಟಿದೆ, ನೋವಿದೆ, ಪ್ರೀತಿಯಿದೆ, ಓದುಗನನ್ನು ಮಾತಿನಿಂದಲೇ ಸುತ್ತುವರಿಯುವ ಜಾಣ್ಮೆಯಿದೆ. ಸಮುದ್ರದ ನಡುವೆ ಒಂಟಿಯಾಗಿ, ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ಒದ್ದಾಡುವ ಒಬ್ಬ ಗಂಡಸಿನ ದನಿ ಪುಟಗಟ್ಟಲೆ ನಮ್ಮ ಕಿವಿಯಲ್ಲಿ ಉಳಿಯುತ್ತದೆ. ಗುರ್ಲಿಯ ದನಿಗಾಗಲಿ, ಒಟಿಲಿಯಾಳ ದನಿಗಾಗಲಿ ಅಷ್ಟು ಪುಟಗಳ ಸ್ಥಳವಿಲ್ಲ. ನನ್ನ ಮನಸ್ಸು ಗಂಡನ ಪಕ್ಷ ಹಿಡಿಯುವುದು ಇಲ್ಲಿಯೇ. ಮಾತಿನ ಹಂಚಿಕೆಯೇ ತೀರ್ಪಿನ ಅರ್ಧ ಕೆಲಸವನ್ನು ಮುಗಿಸಿರುತ್ತದೆ.

ಮುಂದಿನದು ಪ್ರಹಸನ. ಊರಿಗೆ ಬಂದ ಕಪ್ತಾನನಿಗೆ ಮನೆಯಲ್ಲಿ ತಣ್ಣನೆಯ ಸ್ವಾಗತ. ಅವನು ಅತ್ತೆಯ ಬಳಿ ಹೋಗಿ ಉಪಾಯ ಕೇಳುತ್ತಾನೆ. ಅತ್ತೆ ಹೇಳುವ ಮದ್ದು ಸರಳವಾದದ್ದು: ಆ ಒಟಿಲಿಯಾಳಿಗೇ ಸ್ವಲ್ಪ ಸಲುಗೆ ತೋರಿಸು. ಅವನು ತೋರಿಸುತ್ತಾನೆ. ಒಟಿಲಿಯಾ ಅರಳುತ್ತಾಳೆ, ಗುರ್ಲಿಗೆ ಹೊಟ್ಟೆಕಿಚ್ಚು ಹತ್ತುತ್ತದೆ, ಗೆಳತಿಯನ್ನು ಮನೆಯಿಂದ ಓಡಿಸುತ್ತಾಳೆ, ಗಂಡಹೆಂಡಿರು ಒಂದಾಗುತ್ತಾರೆ. ಕಥೆ ನಗುತ್ತ ಮುಗಿಯುತ್ತದೆ. ನಾನು ನಗಲಾರೆ. ಒಬ್ಬ ಹೆಂಗಸಿಗೆ ಓದುವ ಆಸೆ ಹುಟ್ಟಿಸಿದ ಇನ್ನೊಬ್ಬ ಹೆಂಗಸನ್ನು, ಅವಳ ಒಂಟಿತನವನ್ನೇ ಬಲೆಯಾಗಿ ಬೀಸಿ ಹಿಡಿದು ಹೊರಗೆ ಹಾಕಲಾಗಿದೆ. ಆ ಸಂಚಿಗೆ ಮೂರನೆಯ ಹೆಂಗಸೊಬ್ಬಳ ಸಲಹೆಯ ಮುದ್ರೆಯೂ ಇದೆ. ಗದ್ಯದಲ್ಲಿ ಇದು ಸಾಧ್ಯವಾಗುವುದು ಒಟಿಲಿಯಾಳನ್ನು ನಾವು ಒಮ್ಮೆಯೂ ಸರಿಯಾಗಿ ನೋಡದೇ ಇರುವುದರಿಂದ.

ತೆರೆಯ ಮೇಲೆ ಒಟಿಲಿಯಾ

ಈ ಕಥೆಯನ್ನು ಚಿತ್ರವಾಗಿಸಹೊರಟ ಯಾವ ನಿರ್ದೇಶಕನಿಗೂ ಮೊದಲು ಎದುರಾಗುವ ಕೆಲಸ ಒಟಿಲಿಯಾಳ ಪಾತ್ರಕ್ಕೆ ಒಬ್ಬ ನಟಿಯನ್ನು ಆರಿಸುವುದು. ಅಲ್ಲಿಗೆ ಲೇಖಕನ ಹಿಡಿತ ಸಡಿಲವಾಗುತ್ತದೆ. ಕಥೆಗಾರ ಒಂದು ಅರ್ಧ ವಾಕ್ಯದಲ್ಲಿ ಅವಳನ್ನು ಬದಿಗೆ ಸರಿಸಿ ಕಪ್ತಾನನ ಮನಸ್ಸಿನೊಳಗೆ ಹೋಗಬಹುದು. ಕ್ಯಾಮೆರಾ ಇರುವ ಕೋಣೆಯಲ್ಲಿ ಅವಳು ಇದ್ದೇ ಇರುತ್ತಾಳೆ. ಅವಳು ಕೋಟು ಕಳಚಬೇಕು, ಎಲ್ಲೋ ಕೂರಬೇಕು, ಬೇರೆಯವರು ಮಾತನಾಡುವಾಗ ಅವಳ ಮುಖದಲ್ಲಿ ಏನಾದರೂ ಆಗಬೇಕು. ಕಪ್ತಾನ ಸುಳ್ಳು ಸಲುಗೆ ತೋರಿಸುವಾಗ, ಆ ಸುಳ್ಳನ್ನು ನಂಬುವ ಮುಖವೊಂದನ್ನು ನಾವು ನೋಡಬೇಕು. ನಂಬುತ್ತಿರುವ ಮುಖವನ್ನು ಹತ್ತಿರದಿಂದ ಕಂಡ ಮೇಲೆ, ಮೋಸ ಮಾಡುತ್ತಿರುವವನ ಜಾಣತನಕ್ಕೆ ನಗುವುದು ಬಹಳ ಕಷ್ಟ. ಇನ್ನು ಆ ಕಾಗದ: ಪುಟದ ಮೇಲೆ ಅದು ಕಥೆಯ ಅತ್ಯಂತ ದೊಡ್ಡ ಭಾಗ, ತೆರೆಯ ಮೇಲೆ ಒಬ್ಬ ಗಂಡಸು ಬರೆಯುವುದನ್ನೋ ಒಬ್ಬ ಹೆಂಗಸು ಓದುವುದನ್ನೋ ಎಷ್ಟು ಹೊತ್ತು ತೋರಿಸಲಾದೀತು? ಓದುತ್ತಿರುವ ಗುರ್ಲಿಯನ್ನು ತೋರಿಸಿದರಂತೂ, ವಾದವೆಲ್ಲ ಅವಳ ಮುಖದ ಮೂಲಕವೇ ಹಾದುಬರುತ್ತದೆ. ವಾದ ಮಾಡುವವನನ್ನು ಬಿಟ್ಟು ಕೇಳಿಸಿಕೊಳ್ಳುವವಳನ್ನು ನೋಡುವುದು ಸಿನಿಮಾ ಕಲಿಸಿದ ಅಭ್ಯಾಸ. ಮೂಕಿಚಿತ್ರದ ಕಾಲದಲ್ಲಿ ಈ ಒತ್ತಡ ಇನ್ನೂ ಹೆಚ್ಚಿದ್ದಿರಬೇಕು. ಸ್ಟ್ರಿಂಡ್‌ಬರ್ಗ್‌ನ ಇಡೀ ವಾಗ್ಝರಿಗೆ ಅಲ್ಲಿ ಸಿಗುವುದು ನಡುನಡುವೆ ಬರುವ ಅಕ್ಷರದ ಫಲಕಗಳು ಮಾತ್ರ.

ಕ್ಯಾಮೆರಾ ತಾನಾಗಿಯೇ ನ್ಯಾಯವಂತ ಎಂದು ನಾನು ಹೇಳುತ್ತಿಲ್ಲ. ಒಟಿಲಿಯಾಳ ಕನ್ನಡಕವನ್ನೋ ನಡಿಗೆಯನ್ನೋ ಗೇಲಿಗೆ ಇಟ್ಟು, ಲೇಖಕನಿಗಿಂತ ಕ್ರೂರವಾಗಿ ಅವಳನ್ನು ತೋರಿಸುವುದಕ್ಕೂ ಸಾಧ್ಯವಿದೆ. ಜಗತ್ತಿನ ಎಲ್ಲ ಭಾಷೆಗಳ ಸಿನಿಮಾಗಳೂ ಮದುವೆಯಾಗದ ಹೆಂಗಸಿನ ವಿಷಯದಲ್ಲಿ ಹಾಗೆ ನಡೆದುಕೊಂಡಿವೆ. ಆದರೆ ಹಾಗೆ ಮಾಡುವುದಕ್ಕೂ ನಿರ್ದೇಶಕ ಒಂದು ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ. ಗದ್ಯದಲ್ಲಿ ಅದು ತೀರ್ಮಾನವೆಂದು ಕಾಣದೆಯೇ ನಡೆದುಹೋಗಿರುತ್ತದೆ.

ಹೆನ್ರಿಕ್‌ಸನ್‌ಗೆ ಈ ವಿಷಯ ಹೊಸದಾಗಿದ್ದಿರಲಾರದು. ಸ್ವೀಡಿಷ್ ನಿರ್ದೇಶಕ ಆಲ್ಫ್ ಶೋಬರ್ಗ್ 1951ರಲ್ಲಿ ಸ್ಟ್ರಿಂಡ್‌ಬರ್ಗ್‌ನ ‘ಮಿಸ್ ಜೂಲಿ’ ನಾಟಕವನ್ನು ಚಿತ್ರವಾಗಿಸಿದಾಗ ಜೂಲಿಯ ತಂದೆಯಾದ ಕೌಂಟ್‌ನ ಪಾತ್ರವನ್ನು ವಹಿಸಿದವನು ಇದೇ ಹೆನ್ರಿಕ್‌ಸನ್. ನಾಟಕದಲ್ಲಿ ಕೌಂಟ್ ರಂಗದ ಮೇಲೆ ಬರುವುದೇ ಇಲ್ಲ. ಅವನ ಬೂಟುಗಳಿವೆ, ಕರೆಗಂಟೆಯಿದೆ, ಅಷ್ಟೆ. ಜೂಲಿಯ ಸತ್ತ ತಾಯಿಯೂ ಮಗಳ ಬಾಯಿಮಾತಿನಲ್ಲಿ ಬಂದುಹೋಗುವ ನೆನಪು ಮಾತ್ರ. ಶೋಬರ್ಗ್ ಈ ಇಬ್ಬರಿಗೂ ಮೈ ಕೊಟ್ಟ. ಅವನು ಮಾಡಿದ ಇನ್ನೊಂದು ಕೆಲಸವನ್ನು ಮೊದಲ ಸಲ ನೋಡಿದಾಗ ಆದ ಬೆರಗು ನನ್ನಲ್ಲಿ ಇನ್ನೂ ಉಳಿದಿದೆ: ಜೂಲಿ ತನ್ನ ಬಾಲ್ಯದ ಕಥೆ ಹೇಳುತ್ತಿರುವಾಗ, ಕತ್ತರಿಯೇ ಇಲ್ಲದೆ, ಅದೇ ಚೌಕಟ್ಟಿನೊಳಗೆ, ಅವಳ ಹಿಂದಿನಿಂದ ಅವಳ ತಾಯಿ ನಡೆದು ಬರುತ್ತಾಳೆ. ಹೇಳುತ್ತಿರುವವಳೂ ಹೇಳಿಸಿಕೊಳ್ಳುತ್ತಿರುವವಳೂ ಒಂದೇ ಕೋಣೆಯಲ್ಲಿ. ಮದುವೆಯನ್ನು ಒಪ್ಪದ, ಮಗಳನ್ನು ಗಂಡುಮಗುವಿನಂತೆ ಬೆಳೆಸಿದ, ಜಮೀನಿನಲ್ಲಿ ಗಂಡಸರ ಕೆಲಸವನ್ನು ಹೆಂಗಸರಿಗೂ ಹೆಂಗಸರ ಕೆಲಸವನ್ನು ಗಂಡಸರಿಗೂ ಹಂಚಿದ, ಕೊನೆಗೆ ಮನೆಗೇ ಬೆಂಕಿಯಿಟ್ಟ ಆ ಹೆಂಗಸನ್ನು ನಾಟಕಕಾರ ಒಂದು ಕೆಟ್ಟ ವಂಶವಾಹಿಯಾಗಿ ಬಳಸಿಕೊಳ್ಳುತ್ತಾನೆ. ಚಿತ್ರದಲ್ಲಿ ಅವಳು ತನ್ನ ಕಾರಣಗಳೊಡನೆ ಓಡಾಡುತ್ತಾಳೆ. ನಾವು ಅವಳನ್ನು ಮೆಚ್ಚಬೇಕಾಗಿಲ್ಲ. ಆದರೆ ಅವಳು ಇದ್ದಾಳೆ ಎಂಬುದನ್ನು ಮರೆಯಲಾಗುವುದಿಲ್ಲ. ಆ ವರ್ಷ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಈ ಚಿತ್ರ ಇಟಲಿಯ ಚಿತ್ರವೊಂದರ ಜೊತೆ ಹಂಚಿಕೊಂಡಿತು. ಸ್ಟ್ರಿಂಡ್‌ಬರ್ಗ್‌ನನ್ನು ತೆರೆಗೆ ತರುವುದೆಂದರೆ ಅವನು ಕೋಣೆಯ ಹೊರಗೆ ನಿಲ್ಲಿಸಿದವರನ್ನು ಒಳಗೆ ಕರೆಯುವುದು ಎಂಬ ಪಾಠ ಅಲ್ಲಿದ್ದವರಿಗೆಲ್ಲ ಸಿಕ್ಕಿರಬೇಕೆಂದು ನನ್ನ ನಂಬಿಕೆ.

ದವಸದ ಬೆಲೆ

ಸ್ಟ್ರಿಂಡ್‌ಬರ್ಗ್‌ಗೆ ಅನ್ಯಾಯವಾಗಬಾರದು. ಹೆಂಗಸರ ವಿಷಯದಲ್ಲಿ ಅವನು ಎಷ್ಟೇ ತಿರುಚಿ ಬರೆದಿರಲಿ, ಮದುವೆಯೊಳಗಿನ ಹಣದ ವಿಷಯದಲ್ಲಿ ಅವನಷ್ಟು ಸ್ಪಷ್ಟವಾಗಿ ಬರೆದವರು ಅವನ ಕಾಲದಲ್ಲಿ ಕಡಿಮೆ. ‘ಪ್ರೀತಿ ಮತ್ತು ದವಸ’ ಎಂಬ ಕಥೆಯ ಆರಂಭದಲ್ಲಿ ಒಬ್ಬ ಕಿರಿಯ ಗುಮಾಸ್ತ ಮೇಜರನೊಬ್ಬನ ಮಗಳನ್ನು ಕೇಳಲು ಹೋಗುತ್ತಾನೆ. ಹೋಗುವ ಮುಂಚೆ ಧಾನ್ಯದ ಪೇಟೆ ಧಾರಣೆಯನ್ನು ನೋಡಿಕೊಳ್ಳಬೇಕೆಂದು ಅವನಿಗೆ ಹೊಳೆದಿಲ್ಲ, ಮೇಜರ್ ನೋಡಿಕೊಂಡಿದ್ದಾನೆ. ಹುಡುಗ ಪ್ರೀತಿಯ ಬಗ್ಗೆ ಹೇಳುತ್ತಾನೆ, ಮೇಜರ್ ಸಂಬಳ ಕೇಳುತ್ತಾನೆ. ವರ್ಷಕ್ಕೆ 1200 ಕ್ರೋನ. ಸಾಲದು ಎನ್ನುತ್ತಾನೆ ಮೇಜರ್. ಹೆಣ್ಣು ಕೇಳಲು ಹೋದ ಹುಡುಗನ ಸಂಬಳ ವಿಚಾರಿಸುವ ನಮ್ಮ ಕಡೆಯ ಯಾವ ಜಗಲಿಯ ಮೇಲಾದರೂ ಈ ಸಂಭಾಷಣೆ ನಡೆಯಬಹುದಿತ್ತು.

ಮೇಲುಸಂಪಾದನೆಯ ಲೆಕ್ಕ ತೋರಿಸಿ ಮದುವೆಯೇನೋ ಆಗುತ್ತದೆ. ಹೊಸ ಮನೆ, ಸಾಲದಲ್ಲಿ ಬಂದ ಪೀಠೋಪಕರಣ, ನಾಳೆಯ ಚಿಂತೆಯಿಲ್ಲದ ಊಟ. ಮಗು ಹುಟ್ಟುವ ಹೊತ್ತಿಗೆ ಸಾಲಗಾರರು ಬಾಗಿಲಲ್ಲಿದ್ದಾರೆ. ಕೊನೆಗೆ ಮಾವ ಬಂದು ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಹೋಗುತ್ತಾನೆ, ಎರವಲು ಕೊಟ್ಟ ವಸ್ತು ಜಖಂ ಆಗಿ ಹಿಂದಿರುಗಿದೆಯೆಂಬ ಭಾವದಲ್ಲಿ. ಈ ಕಥೆಯಲ್ಲಿ ಯಾರೂ ಕೆಟ್ಟವರಲ್ಲ. ಹುಡುಗ ಸುಳ್ಳು ಹೇಳಿಲ್ಲ, ಹುಡುಗಿ ದುಂದುಗಾತಿಯಲ್ಲ, ಮೇಜರ್ ಕಟುಕನಲ್ಲ. ಸಂಬಳ ಮತ್ತು ಧಾನ್ಯದ ಬೆಲೆಯ ನಡುವಿನ ಅಂತರವೊಂದೇ ಇಬ್ಬರನ್ನು ಬೇರೆ ಮಾಡುತ್ತದೆ. ಲೂಯಿಸ್ ಎಂಬ ಆ ಹುಡುಗಿಗೆ ತಾನೂ ದುಡಿಯಬಹುದೆಂಬ ಯೋಚನೆಯನ್ನು ಯಾರೂ ಕೊಟ್ಟಿಲ್ಲ ಎಂಬುದು ಕಥೆಯಲ್ಲಿ ಎಲ್ಲೂ ಬಾಯಿಬಿಟ್ಟು ಬಾರದ ಮಾತು. ಮುನ್ನುಡಿಯಲ್ಲಿ ಸಮಾನ ಶಿಕ್ಷಣದ ಬೇಡಿಕೆಯನ್ನು ಓದಿಕೊಂಡು ಬಂದವರಿಗೆ ಮಾತ್ರ ಅದು ಕೇಳಿಸುತ್ತದೆ. ಮುನ್ನುಡಿಯೂ ಕಥೆಯೂ ಒಂದಕ್ಕೊಂದು ಹೊಂದಿ ನಿಂತ ಅಪರೂಪದ ಜಾಗ ಇದು. ಇಡೀ ಸಂಕಲನದಲ್ಲಿ ನಾನು ಅತ್ಯಂತ ಗೌರವಿಸುವ ಕಥೆಯೂ ಇದೇ.

1950ರ ದಶಕದ ಸ್ವೀಡಿಷ್ ಪ್ರೇಕ್ಷಕರು ಈ ಕಥೆಗಳನ್ನು ನೋಡುವ ಹೊತ್ತಿಗೆ ಕಾನೂನು ಬಹಳ ದೂರ ಬಂದಿತ್ತು. 1920ರ ವಿವಾಹ ಸಂಹಿತೆ ಹೆಂಡತಿಯ ಮೇಲಿನ ಗಂಡನ ಪಾಲಕತ್ವವನ್ನು ತೆಗೆದುಹಾಕಿತ್ತು. 1921ರ ಚುನಾವಣೆಯಲ್ಲಿ ಹೆಂಗಸರು ಸಂಸತ್ತಿಗೆ ಮತ ಹಾಕಿದ್ದರು. ಆದರೂ ಅದು ಗೃಹಿಣಿಯ ಕಾಲ. ಗಂಡಹೆಂಡಿರ ಆದಾಯವನ್ನು ಕೂಡಿಸಿ ತೆರಿಗೆ ಹಾಕುವ ಪದ್ಧತಿ 1971ರವರೆಗೂ ಮುಂದುವರಿದುದರಿಂದ, ಹೆಂಡತಿ ಹೊರಗೆ ದುಡಿದು ತಂದ ಹಣ ಗಂಡನ ಸಂಬಳದ ಮೇಲೆ ಕೂತು ಹೆಚ್ಚಿನ ದರದ ತೆರಿಗೆಗೆ ಒಳಗಾಗುತ್ತಿತ್ತು. ಮನೆ ಮತ್ತು ಉದ್ಯೋಗ ಎರಡನ್ನೂ ಹೆಂಗಸು ಹೇಗೆ ನಿಭಾಯಿಸಬೇಕೆಂಬುದರ ಬಗ್ಗೆ ಆಲ್ವಾ ಮೀರ್ಡಾಲ್ ಮತ್ತು ವಿಯೋಲಾ ಕ್ಲೈನ್ ಬರೆದ ಪುಸ್ತಕ ಹೊರಬಂದದ್ದು 1956ರಲ್ಲಿ. ಹಾಗಾಗಿ ಹಳೆಯ ಪೋಷಾಕಿನ ಈ ಕಥೆಗಳು ಆಗಿನ ಪ್ರೇಕ್ಷಕರಿಗೆ ಬರಿಯ ಗತಕಾಲದ ವಿನೋದವಾಗಿ ಕಂಡಿರಲಾರವು. ಗುರ್ಲಿಯ ಪ್ರಶ್ನೆಯನ್ನು ಕಾನೂನು ತೀರಿಸಿರಲಿಲ್ಲ. ಕೇಳುವ ಹಕ್ಕನ್ನಷ್ಟೇ ಕೊಟ್ಟಿತ್ತು.

ಲಿಫ್ಟಿನೊಳಗಿನ ದಂಪತಿಗಳು

ಇದೇ ಪರಂಪರೆಯ ಇನ್ನೊಂದು ಚಿತ್ರವನ್ನು ಪಕ್ಕದಲ್ಲಿಟ್ಟರೆ ನಾನು ಹೇಳುತ್ತಿರುವುದು ಇನ್ನಷ್ಟು ತಿಳಿಯಾದೀತು. ದಾಂಪತ್ಯ ಮತ್ತು ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಎಂದ ಕೂಡಲೇ ಎಲ್ಲರೂ 1973ರ ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ಗೆ ಹೋಗುತ್ತಾರೆ. ಅದಕ್ಕೂ ಎರಡು ದಶಕ ಮುಂಚೆ, 1952ರಲ್ಲಿ, ಅವನು ‘ವೇಟಿಂಗ್ ವಿಮೆನ್’ ಎಂದು ಹೊರನಾಡುಗಳಲ್ಲಿ ಹೆಸರಾದ ಚಿತ್ರ ಮಾಡಿದ್ದ. ಬೇಸಿಗೆಯ ಮನೆಯಲ್ಲಿ ಗಂಡಂದಿರ ಬರವನ್ನು ಕಾಯುತ್ತ ಕೂತ ಓರಗಿತ್ತಿಯರು ಒಬ್ಬರಾದ ಮೇಲೆ ಒಬ್ಬರು ತಮ್ಮ ಮದುವೆಯ ಒಂದೊಂದು ಪ್ರಸಂಗವನ್ನು ಹೇಳಿಕೊಳ್ಳುತ್ತಾರೆ. ಬಿಡಿ ಬಿಡಿ ಕಥೆಗಳ ಒಂದು ಗೊಂಚಲು, ವಿಷಯ ದಾಂಪತ್ಯ. ಕಟ್ಟು ಹೆಚ್ಚುಕಡಿಮೆ ‘ಯಿಫ್ಟಾಸ್’ನದೇ. ಒಂದೇ ವ್ಯತ್ಯಾಸ, ಇಲ್ಲಿ ನಿರೂಪಕರ ಸ್ಥಾನದಲ್ಲಿ ಹೆಂಡತಿಯರಿದ್ದಾರೆ.

ಅದರ ಕೊನೆಯ ಪ್ರಸಂಗದಲ್ಲಿ ಎವಾ ದಾಲ್‌ಬೆಕ್ ಮತ್ತು ಗುನ್ನಾರ್ ಬ್ಯೋರ್ನ್‌ಸ್ಟ್ರಾಂಡ್ ಗಂಡಹೆಂಡಿರು. ದೊಡ್ಡ ಸಮಾರಂಭವೊಂದನ್ನು ಮುಗಿಸಿ, ಒಳ್ಳೆಯ ಬಟ್ಟೆಯಲ್ಲಿ, ರಾತ್ರಿ ಮನೆಗೆ ಬರುವಾಗ ಲಿಫ್ಟು ನಡುವೆ ಕೆಟ್ಟು ನಿಲ್ಲುತ್ತದೆ. ಒಬ್ಬರಿಗೊಬ್ಬರು ಬೆನ್ನು ತಿರುಗಿಸಲೂ ಜಾಗವಿಲ್ಲದ ಆ ಪೆಟ್ಟಿಗೆಯೊಳಗೆ, ವರ್ಷಗಳಿಂದ ಆಡದ ಮಾತುಗಳು ಮೆಲ್ಲಗೆ ಹೊರಬರುತ್ತವೆ. ಅವರು ಕೆಣಕಿಕೊಳ್ಳುತ್ತಾರೆ, ಹಳೆಯ ಅನುಮಾನಗಳನ್ನು ಬಿಚ್ಚುತ್ತಾರೆ, ನಗುತ್ತಾರೆ, ಹತ್ತಿರವಾಗುತ್ತಾರೆ. ಇನ್ನು ಮುಂದೆ ಬದುಕನ್ನು ಬೇರೆ ರೀತಿ ನಡೆಸೋಣವೆಂದು ಅವನು ಮಾತು ಕೊಡುತ್ತಾನೆ. ಬೆಳಗಾಗುತ್ತದೆ, ಲಿಫ್ಟು ಬಿಡುಗಡೆಯಾಗುತ್ತದೆ, ಕಚೇರಿಯ ಕೆಲಸ ಅವನನ್ನು ಕರೆಯುತ್ತದೆ, ಅವನು ಹೋಗುತ್ತಾನೆ. ನನಗೆ ಈ ದೃಶ್ಯದಲ್ಲಿ ಬಹಳ ಇಷ್ಟವಾಗುವುದು ಬರ್ಗ್‌ಮನ್ ಗಂಡನನ್ನು ಖಳನನ್ನಾಗಿ ಮಾಡದೇ ಇರುವುದು. ಬ್ಯೋರ್ನ್‌ಸ್ಟ್ರಾಂಡ್‌ನ ಆ ದೊಡ್ಡಸ್ತಿಕೆ ಕರಗುವುದನ್ನು, ಅದರ ಹಿಂದಿನ ಅಳುಕನ್ನು ಅವನು ಪ್ರೀತಿಯಿಂದಲೇ ತೋರಿಸುತ್ತಾನೆ. ಸ್ಟ್ರಿಂಡ್‌ಬರ್ಗ್ ತನ್ನ ಕಪ್ತಾನನಿಗೆ ಪುಟಗಟ್ಟಲೆ ಮಾತು ಕೊಟ್ಟು ಮಾಡಿದ್ದನ್ನು ಬರ್ಗ್‌ಮನ್ ಇಬ್ಬರನ್ನು ಸಮಾನವಾದ ಇಕ್ಕಟ್ಟಿನಲ್ಲಿ ನಿಲ್ಲಿಸಿ ಮಾಡಿದ. ಚಿಕ್ಕಂದಿನಿಂದ ಸ್ಟ್ರಿಂಡ್‌ಬರ್ಗ್‌ನನ್ನು ಓದಿಕೊಂಡು ಬಂದು, ಜೀವನವಿಡೀ ಅವನ ನಾಟಕಗಳನ್ನು ರಂಗಕ್ಕೆ ತಂದ ಒಬ್ಬ ಶಿಷ್ಯ ಗುರುವಿಗೆ ಕೊಟ್ಟ ಉತ್ತರವಾಗಿ ನಾನು ಆ ಲಿಫ್ಟನ್ನು ನೋಡುತ್ತೇನೆ.

ಸಿರಿ

ಈ ಎಲ್ಲ ಚರ್ಚೆಯ ಹಿಂದೆ ಒಬ್ಬ ನಿಜವಾದ ಹೆಂಡತಿ ಇದ್ದಳು. ಸಿರಿ ಫಾನ್ ಎಸ್ಸೆನ್ ತನ್ನ ಮೊದಲ ಗಂಡ ಬ್ಯಾರನ್ ರಾಂಗೆಲ್‌ನಿಂದ ಬಿಡುಗಡೆ ಪಡೆದು 1877ರಲ್ಲಿ ಸ್ಟ್ರಿಂಡ್‌ಬರ್ಗ್‌ನನ್ನು ಮದುವೆಯಾದಳು. ಆಕೆಗೆ ನಟಿಯಾಗಬೇಕೆಂಬ ಆಸೆಯಿತ್ತು, ಸ್ಟಾಕ್‌ಹೋಮಿನ ರಾಯಲ್ ಥಿಯೇಟರಿನಲ್ಲಿ ಅಭಿನಯಿಸಿಯೂ ಇದ್ದಳು. ‘ಯಿಫ್ಟಾಸ್’ನ ಎರಡನೆಯ ಸಂಪುಟ 1886ರಲ್ಲಿ ಬಂದಾಗ ಮೊದಲ ಮುನ್ನುಡಿಯ ಉದಾರತೆ ಬಹುಮಟ್ಟಿಗೆ ಮಾಯವಾಗಿ, ಹೆಂಗಸರ ಮೇಲಿನ ಕಹಿಯೊಂದೇ ಉಳಿದಿತ್ತು, ಅಷ್ಟು ಹೊತ್ತಿಗೆ ಅವರ ಮನೆಯೂ ಒಡೆಯುತ್ತಿತ್ತು. 1889ರ ಮಾರ್ಚಿನಲ್ಲಿ ಕೋಪನ್‌ಹೇಗನ್ನಿನಲ್ಲಿ ‘ಮಿಸ್ ಜೂಲಿ’ಯ ಮೊದಲ ಪ್ರದರ್ಶನ ನಡೆದಾಗ ಜೂಲಿಯಾಗಿ ನಿಂತವಳು ಸಿರಿಯೇ. ಗಂಡ ಹೆಂಗಸರ ಬಗ್ಗೆ ಬರೆದ ಅತ್ಯಂತ ಕಠಿಣವಾದ ಮಾತುಗಳನ್ನು ತನ್ನ ಮೈಯಿಂದ, ತನ್ನ ದನಿಯಿಂದ ಮೊದಲು ಆಡಿ ತೋರಿಸಬೇಕಾದ ಕೆಲಸ ಆಕೆಯದಾಯಿತು. ಎರಡು ವರ್ಷಗಳ ನಂತರ ವಿಚ್ಛೇದನವಾಯಿತು. ಆಕೆ ಮಕ್ಕಳೊಡನೆ ಫಿನ್‌ಲೆಂಡಿಗೆ ಹೋಗಿ ಹೆಲ್ಸಿಂಕಿಯಲ್ಲಿ ನೆಲೆಸಿದಳು. 1912ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಕೆಲವು ವಾರಗಳಿಗೆ, ಮೇ 14ರಂದು, ಸ್ಟ್ರಿಂಡ್‌ಬರ್ಗ್ ತೀರಿಕೊಂಡ.

ಆ ಮದುವೆಯ ಬಗ್ಗೆ ಸ್ಟ್ರಿಂಡ್‌ಬರ್ಗ್ ಕಥೆಗಳಲ್ಲಿ, ನಾಟಕಗಳಲ್ಲಿ, ಆತ್ಮಕಥೆಯಂಥ ಕಾದಂಬರಿಯಲ್ಲಿ ಬರೆದದ್ದು ರಾಶಿಯಷ್ಟಿದೆ. ಸಿರಿಯ ಕಡೆಯ ಮಾತು ಪುಸ್ತಕವಾಗಲು ಆಕೆಯ ಮಗಳು ಬೆಳೆದು ದೊಡ್ಡವಳಾಗಬೇಕಾಯಿತು. ‘ಯಿಫ್ಟಾಸ್’ ಪ್ರಕಟವಾದಾಗ ನಾಲ್ಕು ವರ್ಷದವಳಾಗಿದ್ದ ಕಾರಿನ್, ಮುಂದೆ ಕಾರಿನ್ ಸ್ಮಿರ್ನೊಫ್ ಆಗಿ, 1920ರ ದಶಕದ ನಡುವೆ ‘ಸ್ಟ್ರಿಂಡ್‌ಬರ್ಗ್‌ನ ಮೊದಲ ಹೆಂಡತಿ’ ಎಂಬ ಪುಸ್ತಕ ಬರೆದು, ತಾಯಿಯ ಮೇಲೆ ತಂದೆ ಹೊರಿಸಿದ್ದ ಒಂದೊಂದು ಆರೋಪಕ್ಕೂ ಉತ್ತರ ಕೊಟ್ಟಳು. ಹೆನ್ರಿಕ್‌ಸನ್ ತನ್ನ ಚಿತ್ರಕ್ಕೆ ಕೈಹಾಕುವ ಹೊತ್ತಿಗೆ ಆ ಪುಸ್ತಕ ಬಂದು ಮೂರು ದಶಕವಾಗಿತ್ತು. ಗುರ್ಲಿಯ ಪಾತ್ರ ಮಾಡುವ ಯಾವ ನಟಿಗೂ ಓದಲು ಕಪ್ತಾನನ ಕಾಗದವೊಂದೇ ಉಳಿದಿರಲಿಲ್ಲ.